ಬಿಐಎ ಅಂದರೆ ಏನು? ಕೆಲಸ ನಿಂತರೆ ಎಷ್ಟು ಹೊತ್ತು ತಡೆಯಬಹುದು ಅನ್ನೋ ಲೆಕ್ಕ

ಪೂರ್ತಿ ಹೆಸರು ಬಿಸಿನೆಸ್ ಇಂಪ್ಯಾಕ್ಟ್ ಅನಾಲಿಸಿಸ್. ಕಂಪನಿಯ ಯಾವ ಕೆಲಸ ನಿಂತರೆ ಎಷ್ಟು ಹೊತ್ತಿಗೆ ಯಾರಿಗೆ ಏಟು ಬೀಳುತ್ತದೆ ಅಂತ ಮೊದಲೇ ಕೂತು ಲೆಕ್ಕ ಹಾಕುವುದು. ಯಾಕೆ ನಿಂತಿತು ಅನ್ನೋದು ಇಲ್ಲಿ ಮುಖ್ಯ ಅಲ್ಲ, ಅದು ರಿಸ್ಕ್ ಅಸೆಸ್‌ಮೆಂಟಿನ ತಲೆನೋವು. ಎರಡನ್ನೂ ಒಂದೇ ಶೀಟಿನಲ್ಲಿ ಕಲಸಿಬಿಟ್ಟರೆ ಇಡೀ ಮೀಟಿಂಗ್ 'ಭೂಕಂಪ ಆದರೆ ಏನ್ ಮಾಡೋದು' ಅನ್ನೋ ಚರ್ಚೆಯಲ್ಲೇ ಮುಗಿಯುತ್ತದೆ.

ನಮ್ಮ ಬೆಂಗಳೂರನ್ನೇ ನೋಡಿ. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ಗಲಾಟೆಗೆ ಕರ್ಫ್ಯೂ ಬಂತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್. 2022ರ ಸೆಪ್ಟೆಂಬರಿನಲ್ಲಿ ಔಟರ್ ರಿಂಗ್ ರೋಡ್ ಕಡೆ ನೀರು ನಿಂತು ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಕಾರಣ ಮೂರೂ ಬೇರೆ. ಆದರೆ ಸಂಬಳ ಹಾಕೋ ಕೆಲಸ ನಿಂತರೆ ಆಗುವ ತೊಂದರೆ ಮೂರು ಸಲವೂ ಅದೇ. ಬಿಐಎ ಹಿಡಿಯೋದು ಆ ತೊಂದರೆಯನ್ನು.

ಸಂಬಳದ್ದೇ ಲೆಕ್ಕ ಮಾಡೋಣ. ಪೀಣ್ಯದಲ್ಲಿ ಒಂದು ಫ್ಯಾಕ್ಟರಿ ಇದೆ ಅಂದುಕೊಳ್ಳಿ, ತಿಂಗಳ ಕೊನೇ ದಿನ ಸಂಬಳ. ಪೇರೋಲ್ ಸಾಫ್ಟ್‌ವೇರ್ 18ನೇ ತಾರೀಕು ಕೈಕೊಟ್ಟರೆ ಯಾರಿಗೂ ಗೊತ್ತೂ ಆಗಲ್ಲ. ಅದೇ 29ಕ್ಕೆ ಕೈಕೊಟ್ಟರೆ? ಒಂದು ದಿನ ತಡ ಆದರೆ ಗೊಣಗಾಟ, ಮೂರು ದಿನ ಆದರೆ ಬಾಡಿಗೆ, ಇಎಂಐ ಅಂತ ಫೋನ್ ಮೇಲೆ ಫೋನ್, ವಾರ ಆದರೆ ಗೇಟ್ ಮುಂದೆ ಜನ. ಇದರ ಹಿಂದೆಯೇ 7ಕ್ಕೆ ಟಿಡಿಎಸ್ ಕಟ್ಟಬೇಕು, 15ಕ್ಕೆ ಪಿಎಫ್, ಇಎಸ್‌ಐ. ತಡ ಆದರೆ ಬಡ್ಡಿ ಬೀಳುತ್ತದೆ. ಅದಕ್ಕೇ 'ಪೇರೋಲ್ ಎಷ್ಟು ಮುಖ್ಯ' ಅಂತ ಸುಮ್ನೆ ಕೇಳಿದರೆ ಉಪಯೋಗ ಇಲ್ಲ. ತಿಂಗಳಲ್ಲಿ ಯಾವ ದಿನ ನಿಂತರೆ ಜಾಸ್ತಿ ಪೆಟ್ಟು ಅಂತ ಕೇಳಿ, ಆ ದಿನವನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಕೇಳೋಕೆ ಹೋದಾಗ ಪ್ರತಿ ಡಿಪಾರ್ಟ್‌ಮೆಂಟ್ ಹೆಡ್ಡೂ ಹೇಳೋದು ಒಂದೇ: "ಸರ್, ನಮ್ದು ಒಂದು ನಿಮಿಷನೂ ನಿಲ್ಲಂಗಿಲ್ಲ." ವಾದ ಮಾಡಬೇಡಿ. 'ಹೋದ ಸಲ ದಸರಾಕ್ಕೆ ಎಷ್ಟು ದಿನ ಮುಚ್ಚಿದ್ರಿ' ಅಂತ ಕೇಳಿ. ಅಥವಾ ನಾಲ್ಕು ಗಂಟೆ, ಒಂದು ದಿನ, ಮೂರು ದಿನ, ಒಂದು ವಾರ ಅಂತ ಕಾಲಂ ಹಾಕಿ, ಪ್ರತಿಯೊಂದರಲ್ಲೂ ದುಡ್ಡು, ಕಾನೂನು, ಗಿರಾಕಿ, ಹೆಸರು ಇವುಗಳಿಗೆ ಏನಾಗುತ್ತದೆ ಅಂತ ಅವರ ಕೈಯಲ್ಲೇ ಬರೆಸಿ. ಬರೆಯುತ್ತಾ ಬರೆಯುತ್ತಾ ಅವರೇ 'ಎರಡು ದಿನ ತಡಕೋಬಹುದು' ಅಂತಾರೆ.

ಆ ಎರಡು ದಿನವೇ ಎಂಟಿಪಿಡಿ (ಮ್ಯಾಕ್ಸಿಮಮ್ ಟಾಲರಬಲ್ ಪೀರಿಯಡ್ ಆಫ್ ಡಿಸ್ರಪ್ಷನ್). ಅಂದರೆ ಇದಕ್ಕಿಂತ ಜಾಸ್ತಿ ನಿಂತರೆ ತಡೆಯೋಕಾಗಲ್ಲ ಅನ್ನೋ ಗೆರೆ. ಕೆಲಸವನ್ನು ಎಷ್ಟರೊಳಗೆ ಮತ್ತೆ ಶುರು ಮಾಡಬೇಕು ಅಂತ ಗುರಿ ಇಟ್ಟುಕೊಳ್ಳುವುದು ಆರ್‌ಟಿಒ (ರಿಕವರಿ ಟೈಮ್ ಆಬ್ಜೆಕ್ಟಿವ್), ಅದು ಆ ಗೆರೆಗಿಂತ ಕಮ್ಮಿ ಇರಬೇಕು. ಇನ್ನೊಂದು ಆರ್‌ಪಿಒ (ರಿಕವರಿ ಪಾಯಿಂಟ್ ಆಬ್ಜೆಕ್ಟಿವ್): ಎಷ್ಟು ಹೊತ್ತಿನ ಡೇಟಾ ಹೋದರೆ ಪರವಾಗಿಲ್ಲ? ರಾತ್ರಿ ಮಾತ್ರ ಬ್ಯಾಕಪ್ ಆಗುತ್ತಿದ್ದು ಸಂಜೆ ಡಿಸ್ಕ್ ಹೋದರೆ, ಇಡೀ ದಿನ ಹೊಡೆದ ಬಿಲ್ಲುಗಳು ಮತ್ತೆ ಹೊಡೆಯಬೇಕು. ಆಗಲ್ಲ ಅನ್ನೋದಾದರೆ ಬ್ಯಾಕಪ್‌ಗೆ ಇನ್ನಷ್ಟು ಖರ್ಚು ಮಾಡಿ.

ಬಿಐಎಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ, ಒಂದು ಕೆಲಸ ಯಾವುದರ ಮೇಲೆ ನಿಂತಿದೆ ಅಂತ ಹುಡುಕೋದು. ಸಾಫ್ಟ್‌ವೇರ್ ಕ್ಲೌಡಲ್ಲಿದೆ, ಎಲ್ಲರ ಮನೆಯಲ್ಲೂ ಲ್ಯಾಪ್‌ಟಾಪ್ ಇದೆ, ಇನ್ನೇನು ಭಯ ಅಂತಾರೆ. ಪ್ರೈವೇಟ್ ಲಿಮಿಟೆಡ್ ಕಂಪನಿ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕೋಕೆ ಡಿಜಿಟಲ್ ಸಿಗ್ನೇಚರ್ ಬೇಕು, ಅದರ ಯುಎಸ್‌ಬಿ ಟೋಕನ್ ಅಕೌಂಟೆಂಟ್ ಮೇಜಿನ ಎರಡನೇ ಡ್ರಾಯರಲ್ಲಿ, ಕೀ ಅವರ ಹತ್ತಿರ, ಅವರು ಊರಿಗೆ ಹೋಗಿದ್ದಾರೆ. ಹೊರಗಿನದ್ದನ್ನೂ ಬಿಡಬೇಡಿ: 2022ರ ಅದೇ ಮಳೆಗೆ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿ ಪಂಪಿಂಗ್ ಸ್ಟೇಷನ್‌ಗೆ ನೀರು ನುಗ್ಗಿ ಬೆಂಗಳೂರಿನ ಎಷ್ಟೋ ಕಡೆ ಕಾವೇರಿ ನೀರು ಬರಲಿಲ್ಲ. ಕ್ಯಾಂಟೀನು, ಟಾಯ್ಲೆಟ್ಟು ನಡೆಯದೆ ಆಫೀಸ್ ನಡೆಯುತ್ತಾ?

ಇಷ್ಟಾದ ಮೇಲೆ ಯಾವುದನ್ನು ಮೊದಲು ಎಬ್ಬಿಸಬೇಕು ಅನ್ನೋ ಪಟ್ಟಿ ಕೈಗೆ ಬರುತ್ತದೆ, ತೊಂದರೆ ಬಂದಾಗಲೂ ಕೆಲಸ ನಡೆಸಿಕೊಂಡು ಹೋಗೋ ಕಂಟಿನ್ಯುಟಿ ಪ್ಲಾನ್ ಬರೆಯೋದು ಅದರ ಮೇಲೆ. ಆಡಿಟ್‌ನವರು ಐಎಸ್‌ಒ 22301 ಅಂತ ಬಿಸಿನೆಸ್ ಕಂಟಿನ್ಯುಟಿಯ ಸ್ಟ್ಯಾಂಡರ್ಡ್ ಕೇಳುತ್ತಾರಲ್ಲ, ಅದರಲ್ಲೂ ಬಿಐಎ ಕಡ್ಡಾಯ. ಹೇಗೆ ಮಾಡೋದು ಅನ್ನೋದಕ್ಕೆ ಐಎಸ್‌ಒ 22317 ಅಂತ ಬೇರೆ ಮಾರ್ಗಸೂಚಿಯೇ ಇದೆ. ಪಟ್ಟಿಗೆ ಮೇಲಿನವರ ಸಹಿ ಹಾಕಿಸಿಕೊಳ್ಳಿ, ಇಲ್ಲದಿದ್ದರೆ ಬ್ಯಾಕಪ್‌ಗೆ ದುಡ್ಡು ಕೇಳಿದಾಗ 'ಯಾರ್ ಹೇಳಿದ್ದು' ಅಂತಾರೆ. ಆಫೀಸ್ ಶಿಫ್ಟ್ ಆದರೆ, ಸಾಫ್ಟ್‌ವೇರ್ ಬದಲಾದರೆ, ಡ್ರಾಯರ್ ಕೀ ಇಟ್ಟುಕೊಂಡವರು ಕೆಲಸ ಬಿಟ್ಟರೆ ಪಟ್ಟಿ ಮತ್ತೆ ತೆಗೆದು ತಿದ್ದಬೇಕು.