ಹೊಸ ಮರಿ ಬಂದಾಗ ಹಳೇ ಬೆಕ್ಕಿನ ಕಡೆ ನೋಡಿ

ಮಳೆಗಾಲ ಶುರುವಾಯಿತೆಂದರೆ ನನ್ನ ಕ್ಲಿನಿಕ್‌ಗೆ ರಟ್ಟಿನ ಡಬ್ಬಗಳು ಬರತೊಡಗುತ್ತವೆ. ಒಳಗೆ ನೆಂದು ನಡುಗುವ, ಕಣ್ಣಿಗೆ ಪಿಸುರು ಕಟ್ಟಿದ ಬೆಕ್ಕಿನ ಮರಿ. ಕಾರಿನ ಬಾನೆಟ್ಟಿನೊಳಗೆ ಸಿಕ್ಕಿದ್ದು, ಚರಂಡಿ ಪಕ್ಕ ಕೂಗುತ್ತಿದ್ದದ್ದು, ಜನರೇಟರ್ ಕೆಳಗೆ ಅವಿತಿದ್ದದ್ದು. "ಡಾಕ್ಟ್ರೇ, ಇದು ಬದುಕುತ್ತಾ?" ಅಂತ ತಂದವರು ಕೇಳುತ್ತಾರೆ. ಮರಿಯ ಜ್ವರ ನೋಡುತ್ತಾ ನಾನೂ ಒಂದು ಪ್ರಶ್ನೆ ಕೇಳುತ್ತೇನೆ. "ಮನೇಲಿ ಮೊದಲೇ ಬೆಕ್ಕು ಇದೆಯಾ?"

"ಇದೆ" ಅಂದರೆ ನನ್ನ ಅರ್ಧ ಯೋಚನೆ ಆ ಕಡೆ ಹೋಗಿಬಿಡುತ್ತದೆ. ಮರಿ ಹೇಗೋ ಹೊಂದಿಕೊಳ್ಳುತ್ತದೆ. ಕಷ್ಟ ಜಾಸ್ತಿ ಇರುವುದು ಹಳೇ ಬೆಕ್ಕಿಗೆ.

ಚಿಂಟುವಿನ ಕಥೆ ಹೇಳುತ್ತೇನೆ. ಆರು ವರ್ಷದ ಗಂಡು ಬೆಕ್ಕು, ಸಂತಾನಹರಣದ ಆಪರೇಷನ್ ಆಗಿತ್ತು, ಒಬ್ಬನೇ ಬೆಳೆದವನು. ಒಂದು ಸಂಜೆ ಮನೆಯವರು ಎರಡು ತಿಂಗಳ ಮರಿ ತಂದರು. ನೇರವಾಗಿ ಚಿಂಟುವಿನ ಮುಖದ ಮುಂದೆ ಹಿಡಿದು "ನೋಡೋ, ನಿನ್ನ ತಮ್ಮ" ಅಂದರು. ಚಿಂಟು ಬುಸ್ ಅಂದ. ಗದರಿದರು. ಮತ್ತೆ ಬುಸ್ ಅಂದಾಗ ಅವನನ್ನೇ ಬಾಲ್ಕನಿಗೆ ಹಾಕಿ ಬಾಗಿಲು ಮುಚ್ಚಿದರು. ಮೂರನೇ ದಿನ ಅವನು ಗಳಿಗೆಗೊಮ್ಮೆ ಲಿಟರ್ ಟ್ರೇಗೆ, ಅಂದರೆ ಉಚ್ಚೆ-ಕಕ್ಕಸಿಗೆ ಇಟ್ಟ ಮರಳಿನ ತಟ್ಟೆಗೆ, ಹೋಗಿ ಕೂರುವುದು, ತಿಣುಕುವುದು, ಒಂದು ಹನಿಯೂ ಬಾರದೆ ಎದ್ದು ಬರುವುದು ಶುರುವಾಯಿತು. ಮಲಬದ್ಧತೆ ಇರಬೇಕು ಅಂದುಕೊಂಡು ಇನ್ನೊಂದು ರಾತ್ರಿ ಕಾದರು. ನನ್ನ ಹತ್ತಿರ ತರುವಷ್ಟರಲ್ಲಿ ಮೂತ್ರಚೀಲ ಕಲ್ಲಿನಂತಾಗಿತ್ತು. ನಳಿಕೆ ಹಾಕಿ ಮೂತ್ರ ತೆಗೆದು, ನಾಲ್ಕು ದಿನ ಡ್ರಿಪ್ ಕೊಟ್ಟ ಮೇಲೆ ಉಳಿದ.

ಬೆಕ್ಕಿಗೆ ಮಾನಸಿಕ ಒತ್ತಡವಾದರೆ ಅದು ಮೂತ್ರಚೀಲದ ಉರಿಯಾಗಿ ಕಾಣಿಸಿಕೊಳ್ಳುವುದು ಉಂಟು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಣ್ಣದು, ಬೇಗ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಜೀವಕ್ಕೇ ಅಪಾಯ. ಹಾಗೆಯೇ ಊಟ ಬಿಟ್ಟ ಬೆಕ್ಕು, ಅದರಲ್ಲೂ ದಪ್ಪಗಿರುವುದು, ಕೆಲವೇ ದಿನದಲ್ಲಿ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಕಾಯಿಲೆ ಬೀಳುತ್ತದೆ. ಹಾಗಾಗಿ ಮರಿ ಬಂದ ದಿನದಿಂದ ಹಳೇ ಬೆಕ್ಕು ತಿನ್ನುತ್ತಿದೆಯಾ, ಟ್ರೇಯ ಮರಳು ಮೂತ್ರಕ್ಕೆ ನೆಂದು ಉಂಡೆ ಕಟ್ಟುತ್ತಿದೆಯಾ ನೋಡಿ. ಒಂದು ದಿನ ಪೂರ್ತಿ ಊಟ ಮುಟ್ಟದಿದ್ದರೆ ವೈದ್ಯರಿಗೆ ಫೋನ್ ಮಾಡಿ. ತಿಣುಕುತ್ತಿದ್ದು ಮೂತ್ರ ಬಾರದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ.

ಚಿಂಟು ಬುಸ್ ಅಂದದ್ದು ಕೆಟ್ಟತನವಲ್ಲ. ಬಾಗಿಲ ಚೌಕಟ್ಟು, ಸೋಫಾದ ಮೂಲೆ, ನಿಮ್ಮ ಕಾಲು, ಎಲ್ಲಕ್ಕೂ ಬೆಕ್ಕು ಕೆನ್ನೆ ಉಜ್ಜುತ್ತದೆ, ಅಲ್ವಾ? ಕೆನ್ನೆಯ ಗ್ರಂಥಿಗಳಿಂದ ತನ್ನ ವಾಸನೆ ಹಚ್ಚುತ್ತಿರುತ್ತದೆ. ಆ ವಾಸನೆ ಇದ್ದರೆ ಇದು ನನ್ನ ಜಾಗ, ಇಲ್ಲಿ ಭಯವಿಲ್ಲ ಅಂತ ಅದಕ್ಕೆ ಧೈರ್ಯ. ಅದರ ನಡುವೆ ಬೀದಿಯ ವಾಸನೆ ಹೊತ್ತ ಜೀವವೊಂದು ಇದ್ದಕ್ಕಿದ್ದಂತೆ ಓಡಾಡಿದರೆ ಹೆದರದೆ ಇನ್ನೇನು ಮಾಡೀತು? ಬುಸ್ ಅನ್ನುವುದು "ಹತ್ತಿರ ಬರಬೇಡ" ಅನ್ನುವ ಮಾತು. ಆ ಮಾತಿಗೆ ಬೈದರೆ ಮುಂದಿನ ಸಲ ಮಾತಿಲ್ಲದೆ ಪರಚುತ್ತದೆ.

ಹಾಗಾಗಿ ಮರಿಯ ಮುಖಕ್ಕಿಂತ ಮೊದಲು ಮರಿಯ ವಾಸನೆ ಮನೆಯೊಳಗೆ ಬರಬೇಕು. ಮರಿಗೆ ಬಾಗಿಲಿರುವ ಬೇರೆ ಜಾಗ ಬೇಕು. "ಒಂದೇ ಬೆಡ್‌ರೂಮ್ ಡಾಕ್ಟ್ರೇ, ಎಲ್ಲಿಡೋದು?" ಅಂತ ಬೆಂಗಳೂರಿನ ಬಾಡಿಗೆ ಮನೆಯವರು ಕೇಳುತ್ತಾರೆ. ಒಣಗಿದ ಬಚ್ಚಲುಮನೆ ಸಾಕು. ಬಾಗಿಲು ಹಾಕಲು ಬಂದರೆ ಯುಟಿಲಿಟಿಯೂ ಆದೀತು. ಹಳೇ ಕಂಬಳಿ, ಅವಿತುಕೊಳ್ಳಲು ಒಂದು ರಟ್ಟಿನ ಡಬ್ಬ, ನೀರು, ಊಟ, ಪುಟ್ಟ ಟ್ರೇ. ಹಸುವಿನ ಹಾಲು ಬೇಡ, ಭೇದಿಯಾಗುತ್ತದೆ.

ಕಡಿಮೆ ಅಂದರೂ 14 ದಿನ ಹೀಗಿರಲಿ. ಇದು ಸ್ನೇಹಕ್ಕಿಂತ ಹೆಚ್ಚಾಗಿ ರೋಗದ ಲೆಕ್ಕ. ಬೀದಿ ಮರಿಗಳಲ್ಲಿ ಚಿಗಟ, ಜಂತುಹುಳು, ಹುಳುಕಡ್ಡಿ, ನೆಗಡಿ ಮಾಮೂಲು. ನಾನು ಹೆದರುವುದು ಪ್ಯಾನ್‌ಲ್ಯುಕೋಪೀನಿಯಾ ಅನ್ನುವ ವೈರಸ್ ಕಾಯಿಲೆಗೆ. ಇದರ ವೈರಸ್ಸು ನಾಯಿಗಳ ಪಾರ್ವೊ ವೈರಸ್ಸಿನ ಹತ್ತಿರದ ಸಂಬಂಧಿ. ಚೆನ್ನಾಗಿ ಆಡುತ್ತಿದ್ದ ಮರಿ ಒಂದೇ ದಿನದಲ್ಲಿ ವಾಂತಿ, ಭೇದಿಯಾಗಿ ಮಲಗಿಬಿಡುತ್ತದೆ. ವೈರಸ್ ಮನೆಯೊಳಗೆ ಒಂದು ವರ್ಷದವರೆಗೂ ಉಳಿಯಬಲ್ಲದು. ನಿಮ್ಮ ಕೈಯಲ್ಲಿ, ಚಪ್ಪಲಿಯಲ್ಲಿ ಆಚೆ ಕೋಣೆಗೆ ದಾಟುತ್ತದೆ. ಮರಿಯನ್ನು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಆ ಕೋಣೆಗೆ ಬೇರೆ ಚಪ್ಪಲಿ ಇಡಿ. ನೆಲಕ್ಕೆ ಫಿನೈಲ್ ಹಾಕಬೇಡಿ. ಅದು ಬೆಕ್ಕಿಗೇ ವಿಷ. ಪಂಜಕ್ಕೆ ಅಂಟಿದ್ದನ್ನು ನೆಕ್ಕಿಕೊಂಡು ಬಂದ ಬೆಕ್ಕುಗಳನ್ನು ನಾನು ನೋಡಿದ್ದೇನೆ. 1 ಪಾಲು ಬ್ಲೀಚ್ ದ್ರವಕ್ಕೆ 32 ಪಾಲು ನೀರು ಬೆರೆಸಿ, 10 ನಿಮಿಷ ಬಿಟ್ಟು, ನೀರಿನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಮರಿಯನ್ನು ಬಿಡಿ. ನಾಯಿಗೆ ಹಾಕುವ ಚಿಗಟದ ಔಷಧಿಯನ್ನು ಬೆಕ್ಕಿಗೆ ಸುಮ್ನೆ ಹಾಕಬೇಡಿ. ಕೆಲವದರಲ್ಲಿ ಪರ್ಮೆಥ್ರಿನ್ ಇರುತ್ತದೆ, ಬೆಕ್ಕಿನ ಪ್ರಾಣ ತೆಗೆಯುತ್ತದೆ.

ಮರಿಗೆ ಮೊದಲ ಲಸಿಕೆ 6ರಿಂದ 8 ವಾರಕ್ಕೆ. ಆಮೇಲೆ 3–4 ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ. ರೇಬೀಸ್ ಲಸಿಕೆ 12 ವಾರದ ನಂತರ. ಹಳೇ ಬೆಕ್ಕಿನ ಲಸಿಕೆ ಬಾಕಿ ಇದ್ದರೆ ಅದನ್ನೂ ಹಾಕಿಸಿ. ಎಲ್ಲರೂ ಮರೆಯುವುದು ಇದನ್ನೇ.

ಮರಿ ಆರೋಗ್ಯವಾಗಿದೆ ಅಂತ ವೈದ್ಯರು ಹೇಳಿದ ಮೇಲೆ ಪರಿಚಯದ ಕೆಲಸ. ಒಂದು ಹಳೇ ಕಾಲುಚೀಲದಿಂದ ಮರಿಯ ಕೆನ್ನೆ ಮೆಲ್ಲಗೆ ಉಜ್ಜಿ. ಅದನ್ನು ಹಳೇ ಬೆಕ್ಕಿನ ಊಟದ ತಟ್ಟೆಯಿಂದ ನಾಲ್ಕೈದು ಅಡಿ ದೂರದಲ್ಲಿಡಿ. ಮೂಸಿ ನೋಡಿ ಸುಮ್ಮನಾದರೆ ಅದಕ್ಕೆ ಇಷ್ಟವಾದ ತಿನಿಸು ಕೊಡಿ. ಬುಸ್ ಅಂದರೆ ಇನ್ನಷ್ಟು ದೂರ ಇಡಿ, ನಾಳೆ ನೋಡೋಣ. ಹಳೇ ಬೆಕ್ಕಿನ ವಾಸನೆಯ ಬಟ್ಟೆ ಮರಿಯ ಕಡೆಗೂ ಹೋಗಲಿ.

ಆಮೇಲೆ ಮುಚ್ಚಿದ ಬಾಗಿಲ ಎರಡು ಬದಿಗೆ ಇಬ್ಬರಿಗೂ ಊಟ. ಮೊದಲು ದೂರ, ದಿನ ಕಳೆದಂತೆ ತಟ್ಟೆಗಳು ಬಾಗಿಲಿಗೆ ಹತ್ತಿರ. ನಡುವೆ ಒಂದೊಂದು ಗಂಟೆ ಜಾಗ ಅದಲುಬದಲು ಮಾಡಿ. ಮರಿ ಹಾಲ್‌ನಲ್ಲಿ ಆಡಲಿ, ಹಳೇ ಬೆಕ್ಕು ಮರಿಯ ಕೋಣೆ ಮೂಸಿ ಬರಲಿ. ನಮ್ಮ ಮನೆಗಳಲ್ಲಿ ಸೊಳ್ಳೆಗೆ ಹಾಕಿಸುವ ಜಾಲರಿ ಬಾಗಿಲು ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮೊದಲ ಸಲ ಮುಖ ನೋಡುವುದು ಅದರ ಆಚೀಚೆಯಿಂದಲೇ ಆಗಲಿ. ಜಾಲರಿ ಇಲ್ಲದವರು ಬಾಗಿಲನ್ನು ಎರಡು ಬೆರಳಷ್ಟು ತೆರೆದು ಅಲ್ಲಾಡದಂತೆ ಕಟ್ಟಿ.

ಜಾಲರಿಯ ಎದುರು ಇಬ್ಬರೂ ನೆಮ್ಮದಿಯಾಗಿ ತಿಂದರೆ ಒಂದೇ ಕೋಣೆಯಲ್ಲಿ 5 ನಿಮಿಷ ಬಿಡಿ. ಅದಕ್ಕೆ ಮುಂಚೆ ಮರಿಯನ್ನು ಚೆನ್ನಾಗಿ ಆಡಿಸಿ ದಣಿಸಿರಿ. ಹಳೇ ಬೆಕ್ಕಿಗೆ ಬೀರು, ಕಿಟಕಿಕಟ್ಟೆಯಂಥ ಎತ್ತರದ ಜಾಗ ಇರಲಿ, ಮರಿಗೆ ಹತ್ತಲಾಗದಂಥದ್ದು. ಯಾರನ್ನೂ ಎತ್ತಿ ಹತ್ತಿರ ತರಬೇಡಿ. ಒಂದೆರಡು ಬುಸ್, ಒಂದು ಏಟು ಪರವಾಗಿಲ್ಲ. ಆದರೆ ಹಳೇ ಬೆಕ್ಕು ಮೈ ಬಿಗಿ ಮಾಡಿ, ಕಿವಿ ಹಿಂದಕ್ಕೆ ಒತ್ತಿ, ಕಣ್ಣು ಮಿಟುಕಿಸದೆ ದಿಟ್ಟಿಸುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಜಗಳ ಹತ್ತಿದರೆ ಕೈ ಹಾಕಬೇಡಿ, ನಡುವೆ ದಿಂಬನ್ನೋ ರಟ್ಟನ್ನೋ ಇಡಿ. ಎರಡು ಬೆಕ್ಕಿಗೆ ಮೂರು ಟ್ರೇ ಬೇಕು, ಬೇರೆ ಬೇರೆ ಕಡೆ. ಮೂರನ್ನೂ ಒಂದೇ ಮೂಲೆಯಲ್ಲಿ ಸಾಲಾಗಿಟ್ಟರೆ ಬೆಕ್ಕಿಗೆ ಅದು ಒಂದೇ ಟ್ರೇ.

ಇದಕ್ಕೆಲ್ಲ ಕೆಲವು ಕಡೆ ಮೂರು ವಾರ ಸಾಕಾಗುತ್ತದೆ, ಕೆಲವು ಕಡೆ ತಿಂಗಳುಗಳು. ಕೆಲವು ಬೆಕ್ಕುಗಳು ಒಂದರ ಮೈ ಒಂದು ನೆಕ್ಕುವಷ್ಟು ಹತ್ತಿರ ಯಾವತ್ತೂ ಬರುವುದಿಲ್ಲ. ನನ್ನ ಲೆಕ್ಕದಲ್ಲಿ ಅದು ಸೋಲಲ್ಲ.

ಚಿಂಟು ಮನೆಗೆ ಹೋದ ಮೇಲೆ ಅವರು ಎಲ್ಲವನ್ನೂ ಮೊದಲಿಂದ ಶುರು ಮಾಡಿದರು. ಈ ಸಲ ಬಾಗಿಲ ಹಿಂದೆ ಹೋದದ್ದು ಮರಿ. ಎರಡು ತಿಂಗಳ ನಂತರ ಮರಿಯ ಕೊನೇ ಲಸಿಕೆಗೆ ಬಂದಾಗ ಆ ಮನೆಯ ಅಮ್ಮ ಫೋನಿನಲ್ಲಿ ಫೋಟೋ ತೋರಿಸಿದರು. ಒಂದೇ ಮಂಚ, ದಿಂಬಿನ ಕಡೆ ಚಿಂಟು, ಕಾಲಿನ ಕಡೆ ಮರಿ.

"ನಡುವೆ ಇಷ್ಟು ಜಾಗ ಬಿಟ್ಟಿದ್ದಾರೆ ಡಾಕ್ಟ್ರೇ. ಹತ್ತಿರ ಬರ್ತಾರಾ?"

"ಅದು ಅವರಿಷ್ಟ ಅಮ್ಮ. ಚಿಂಟು ಸರಿಯಾಗಿ ಉಚ್ಚೆ ಮಾಡ್ತಿದ್ದಾನಾ?"

"ಮಾಡ್ತಿದ್ದಾನೆ. ಊಟಾನೂ ಬಿಟ್ಟಿಲ್ಲ."

ಮರಿಗೆ ಚುಚ್ಚುಮದ್ದು ಕೊಟ್ಟು ಕಳಿಸಿದೆ.