ಟ್ರಾನ್ಸ್ ಗಂಡಸರು ಯಾಕೆ ಕಾಣಿಸುವುದಿಲ್ಲ?

ಓದುಗರ ಪ್ರಶ್ನೆ: ಸಿಗ್ನಲ್‌ನಲ್ಲಿ, ಅಂಗಡಿ ಪೂಜೆಯಲ್ಲಿ ಮಂಗಳಮುಖಿಯರನ್ನು ನೋಡಿದ್ದೇವೆ. ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕುವವರೂ ಇದ್ದಾರಂತಲ್ಲ, ಅವರ್ಯಾಕೆ ಕಾಣಿಸಲ್ಲ? ಹೊಟ್ಟೆಪಾಡಿಗೆ ಏನು ಮಾಡ್ತಾರೆ?

ಕಾಣಿಸುತ್ತಾರೆ. ನಿಮಗೆ ಗೊತ್ತಾಗುವುದಿಲ್ಲ ಅಷ್ಟೇ. ಟೆಸ್ಟೋಸ್ಟಿರಾನ್ ಅನ್ನುವ ಗಂಡು ಹಾರ್ಮೋನು ಶುರು ಮಾಡಿದ ಕೆಲವು ತಿಂಗಳಲ್ಲಿ ದನಿ ಒಡೆಯುತ್ತದೆ, ಮೆಲ್ಲಗೆ ಗಡ್ಡ ಮೀಸೆ ಬರುತ್ತದೆ. ಆಮೇಲೆ ಬಸ್ಸಿನಲ್ಲಿ ಪಕ್ಕ ಕೂತವರಿಗೆ ಅವರು ಯಾರೋ ಒಬ್ಬ ಗಂಡಸು. ಹಾರ್ಮೋನು, ಆಪರೇಷನ್ ಯಾವುದೂ ಬೇಡ ಅನ್ನುವವರೂ ಇದ್ದಾರೆ. ಖರ್ಚಿಗೆ ಹೆದರಿ ಮುಂದೂಡಿದವರೂ ಇದ್ದಾರೆ.

ಇನ್ನೊಂದು ಕಾರಣ ಮನೆ. ಮಂಗಳಮುಖಿಯರಿಗೆ ಮನೆ ಬಿಟ್ಟರೆ ಹಮಾಮ್ ಇದೆ (ಅವರೆಲ್ಲ ಒಟ್ಟಿಗೆ ಇರುವ ಮನೆ), ಗುರು ಇದ್ದಾರೆ. ದೇವಿಗೆ ಮುಡಿಪಾಗಿ ಸೀರೆ ಉಡುವ ಜೋಗಪ್ಪಗಳಿಗೆ ಎಲ್ಲಮ್ಮ ಇದ್ದಾಳೆ. 2021ರಲ್ಲಿ ಪದ್ಮಶ್ರೀ ಬಂದ ಮಂಜಮ್ಮ ಜೋಗತಿಯವರು ಆ ಹಾದಿಯವರೇ. ಟ್ರಾನ್ಸ್ ಗಂಡಸರಿಗೆ ಅಂಥ ಹಳೆಯ ಆಸರೆ ಇಲ್ಲ. ಅವರು ಬೆಳೆಯುವುದು ಮಗಳಾಗಿ. ಸಂಜೆ ಆರಕ್ಕೆ ಮನೆ ಸೇರಬೇಕು, ಓದು ಮುಗಿಯುವ ಮೊದಲೇ ಗಂಡು ಹುಡುಕುತ್ತಾರೆ. ಮನೆ ಬಿಟ್ಟು ಬಂದರೆ 'ಮಗಳು ಕಾಣೆ' ಅಂತ ಠಾಣೆಗೆ ದೂರು.

ಇನ್ನು ಕೆಲಸ. ಇಂಥದ್ದೇ ಅಂತಿಲ್ಲ. ಬೆಂಗಳೂರಿನ ರೂಮಿ ಹರೀಶ್ ಹಿಂದೂಸ್ತಾನಿ ಗಾಯಕರು, ಹೋರಾಟಗಾರರೂ ಹೌದು. (ಒಡೆದ ದನಿ ಮತ್ತೆ ಮೊದಲಿನಂತಾಗುವುದಿಲ್ಲ. ಹಾಡುವವರಿಗೆ ಹಾರ್ಮೋನು ಎಂಥ ನಿರ್ಧಾರ, ಯೋಚಿಸಿ.) ಸತ್ಯ ರಾಯ್ ನಾಗ್‌ಪಾಲ್ ಸಿನಿಮಾ ಛಾಯಾಗ್ರಾಹಕರು, ರಾಷ್ಟ್ರಪ್ರಶಸ್ತಿ ಪಡೆದವರು. ದೆಹಲಿಯ ಆರ್ಯನ್ ಪಾಷಾ ವಕೀಲರು. 2018ರಲ್ಲಿ ಗಂಡಸರ ಜೊತೆಗೇ ದೇಹದಾರ್ಢ್ಯ ಸ್ಪರ್ಧೆಗಿಳಿದು ಎರಡನೆಯವರಾಗಿ ಬಂದರು.

ಕೇರಳದ ಆಡಂ ಹ್ಯಾರಿಯವರದು ಸ್ವಲ್ಪ ಬೇರೆ ಕತೆ. ದಕ್ಷಿಣ ಆಫ್ರಿಕಾದಲ್ಲಿ ಕಲಿತು ಖಾಸಗಿ ಪೈಲಟ್ ಲೈಸೆನ್ಸ್ ಪಡೆದಿದ್ದರು. ಇಲ್ಲಿ ಕಮರ್ಷಿಯಲ್ ಪೈಲಟ್ ಆಗಲು ಹೊರಟರೆ, ಹಾರ್ಮೋನ್ ತಗೊಳ್ಳುತ್ತಿದ್ದಾರೆ ಅಂತ ವೈದ್ಯಕೀಯ ಪರೀಕ್ಷೆಯಲ್ಲಿ ತಡೆ ಬಿತ್ತು. ವಿಮಾನ ಹಾರಿಸಲು ಬರುತ್ತದೆ, ಆದರೆ ನೀವು ನೀವಾಗಿರುವುದನ್ನು ನಿಲ್ಲಿಸಿ ಬನ್ನಿ ಅಂದ ಹಾಗಾಯಿತು ಅಲ್ವಾ? ಗಲಾಟೆಯಾದ ಮೇಲೆ, 2022ರ ಆಗಸ್ಟ್‌ನಲ್ಲಿ ವಿಮಾನಯಾನ ಇಲಾಖೆ ಟ್ರಾನ್ಸ್ ಪೈಲಟ್‌ಗಳ ಪರೀಕ್ಷೆಗೆ ಹೊಸ ನಿಯಮ ತಂದಿತು. ಹಾರ್ಮೋನ್ ತಗೊಳ್ಳುವವರಿಗೂ ದಾರಿಯಾಯಿತು.

ಹೆಸರಾಗದವರೇ ಜಾಸ್ತಿ. ಅವರು ಆಫೀಸಿನಲ್ಲಿದ್ದಾರೆ, ಅಂಗಡಿಯಲ್ಲಿದ್ದಾರೆ, ಪಾರ್ಸೆಲ್ ತಂದುಕೊಡುತ್ತಾರೆ. ಕೆಲಸ ಬರುತ್ತದೋ ಇಲ್ಲವೋ ಅನ್ನುವುದಕ್ಕಿಂತ ದೊಡ್ಡ ತೊಡಕು ಕಾಗದದ್ದು. ಎದುರಿಗೆ ಮೀಸೆ ಹೊತ್ತ ಮನುಷ್ಯ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹುಡುಗಿಯ ಹೆಸರು, ಎರಡು ಜಡೆಯ ಫೋಟೋ. ಅಲ್ಲಿಂದ ಪ್ರಶ್ನೆಗಳು ಶುರು. ಅದನ್ನು ತಪ್ಪಿಸಿಕೊಳ್ಳಲು ಡಿಗ್ರಿ ಇದ್ದರೂ ಅದನ್ನು ಹೊರಗೆ ತೆಗೆಯದೆ, ಸರ್ಟಿಫಿಕೇಟ್ ಕೇಳದ ಕಡೆ ಕಡಿಮೆ ಸಂಬಳಕ್ಕೆ ಸೇರುವವರಿದ್ದಾರೆ.

2021ರಲ್ಲಿ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆ ಶೇಕಡಾ 1 ಮೀಸಲಾತಿ ತಂದಿತು. ದೇಶದಲ್ಲೇ ಮೊದಲು ಅದು. ಒಳ್ಳೆಯದೇ. ಆದರೆ ಆ ಸೀಟು ಬೇಕಾದರೆ ತಾನು ಟ್ರಾನ್ಸ್ ಅಂತ ಬರೆದುಕೊಡಬೇಕು. ಓನರಿಗೂ ಪಕ್ಕದ ಮನೆಯವರಿಗೂ ಗೊತ್ತಾಗದಂತೆ ಬದುಕುತ್ತಿರುವವರಿಗೆ ಅದು ಸುಲಭದ ಮಾತಲ್ಲ.

ಕೊನೆಗೆ, ಕೇಳದಿದ್ದರೂ ಒಂದು ಮಾತು. ಹಿಂದಿಯಲ್ಲಿ 'ನಾನು ಹೋದೆ' ಅನ್ನಬೇಕಾದರೂ ಗಂಡೋ ಹೆಣ್ಣೋ ತೀರ್ಮಾನ ಆಗಬೇಕು: 'ಗಯಾ' ಅಥವಾ 'ಗಯೀ'. ಕನ್ನಡದಲ್ಲಿ ಆ ರಗಳೆ ಇಲ್ಲ, 'ಹೋದೆ' ಅಂದರೆ ಮುಗಿಯಿತು. ಬೇರೆಯವರ ಬಗ್ಗೆ ಹೇಳುವಾಗ ಮಾತ್ರ 'ಬಂದ', 'ಬಂದಳು' ಅಡ್ಡ ಬರುತ್ತವೆ. ಅವರು ತನ್ನನ್ನು ಗಂಡು ಅಂದರೆ 'ಬಂದ' ಅನ್ನಿ, 'ಅಣ್ಣ' ಅನ್ನಿ. ಗೊತ್ತಿಲ್ಲದಿದ್ದರೆ ಸುಮ್ನೆ 'ಬಂದ್ರು' ಅಂದುಬಿಡಿ.