ಸ್ಟೀಲ್ ರೇಲಿಂಗ್‌ಗೂ ತುಕ್ಕು ಯಾಕೆ?

ಪ್ರಶ್ನೆ: ಕಾರವಾರದಲ್ಲಿ ಕಡಲಿಗೆ ಮುಖ ಮಾಡಿರುವ ಫ್ಲ್ಯಾಟ್ ನಮ್ಮದು. ಬಾಲ್ಕನಿಗೆ ಸ್ಟೀಲ್ ರೇಲಿಂಗ್ ಹಾಕಿಸಿ ಇನ್ನೂ ಎರಡು ವರ್ಷ ಆಗಿಲ್ಲ, ಆಗಲೇ ಕಂದು ಕಲೆ. ತುಕ್ಕು ಹಿಡಿಯಲ್ಲ ಅಂತ ಹೇಳಿಯೇ ಕೊಟ್ಟಿದ್ದರು. ತೆಗೆದು ಗಾಜು ಹಾಕಿಸೋಣವೇ?

ಗಾಜಿನ ಮಾತು ಆಮೇಲೆ. ಮೊದಲು ಕಲೆ ಎಲ್ಲೆಲ್ಲಿದೆ ನೋಡಿ. ಮಳೆ ನೇರವಾಗಿ ಬೀಳುವ ಹೊರಬದಿಯಲ್ಲಿ ಕಡಿಮೆ ಇರುತ್ತದೆ. ಮೇಲಿನ ಸಜ್ಜಾ ಕೆಳಗಿನ ನೆರಳಿನಲ್ಲಿ, ಕಂಬಿಯ ಅಡಿಯಲ್ಲಿ, ವೆಲ್ಡಿಂಗ್ ಮಾಡಿದ ಕಡೆ ಜಾಸ್ತಿ. ಗಾಳಿ ತರುವ ಉಪ್ಪು ಎಲ್ಲ ಕಡೆಯೂ ಕೂರುತ್ತದೆ. ಮಳೆ ತೊಳೆದಲ್ಲಿ ಹೋಗುತ್ತದೆ, ತೊಳೆಯದಲ್ಲಿ ತೇವ ಹೀರಿಕೊಂಡು ಸ್ಟೀಲನ್ನು ತಿನ್ನುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯೇ ತೊಳೆದುಕೊಡುತ್ತದೆ. ಉಳಿದ ಎಂಟು ತಿಂಗಳು ಆ ಕೆಲಸ ನಮ್ಮದು.

ಸ್ಟೀಲ್‌ನಲ್ಲೂ ಜಾತಿಗಳಿವೆ. ರೇಲಿಂಗ್‌ಗೆ ಸಾಮಾನ್ಯವಾಗಿ ಸಿಗುವುದು 202, 304 ಮತ್ತು 316. ಕಡಲ ಎದುರಿಗೆ ಬೇಕಾದದ್ದು 316. ಅದರಲ್ಲಿ ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಮ್ ಎಂಬ ಲೋಹ ಇರುತ್ತದೆ, ಉಪ್ಪನ್ನು ತಡೆಯುವ ಶಕ್ತಿ ಬರುವುದು ಅದರಿಂದಲೇ. 304 ಅಡುಗೆಮನೆಗೆ ಚೆನ್ನ, ಇಲ್ಲಿಗೆ ಸಾಲದು. 'ಅಯಸ್ಕಾಂತ ಅಂಟಲಿಲ್ಲ, ಒಳ್ಳೇ ಮಾಲು' ಅನ್ನುವ ಮಾತನ್ನು ನಂಬಬೇಡಿ. ಇನ್ನೂ ಕೆಳದರ್ಜೆಯ 202ಕ್ಕೂ ಅದು ಸರಿಯಾಗಿ ಅಂಟುವುದಿಲ್ಲ. ಬಿಲ್‌ನಲ್ಲಿ 316 ಅಂತ ಬರೆಸಿಕೊಳ್ಳಿ. ಮೈ ಕನ್ನಡಿಯಂತೆ ನುಣುಪಾಗಿರಲಿ. ಗೆರೆಗೆರೆಯಾಗಿ ಕಾಣುವ ಮ್ಯಾಟ್ ಫಿನಿಶ್ ಚಂದವೇ, ಆದರೆ ಆ ಗೆರೆಗಳಲ್ಲಿ ಉಪ್ಪು ಕೂತುಬಿಡುತ್ತದೆ.

ನಿಮ್ಮ ಈಗಿನ ಕಲೆ ಬರೀ ಮೇಲ್ಪದರದ್ದಾಗಿದ್ದರೆ ಸ್ಟೀಲ್ ಪಾಲಿಶ್‌ನಿಂದ ಹೋಗುತ್ತದೆ. ಆಮೇಲೆ ಹದಿನೈದು ದಿನಕ್ಕೊಮ್ಮೆ ಸೋಪಿನ ನೀರು, ಮೆತ್ತನೆ ಬಟ್ಟೆ, ಕೊನೆಗೆ ಸಿಹಿನೀರು. ಸಿಹಿನೀರು ಅನ್ನುವುದನ್ನು ಒತ್ತಿ ಹೇಳುತ್ತೇನೆ. ಕರಾವಳಿಯಲ್ಲಿ ಎಷ್ಟೋ ಬಾವಿ, ಬೋರ್‌ವೆಲ್‌ಗಳ ನೀರೇ ಉಪ್ಪು. ಅದರಲ್ಲಿ ತೊಳೆದರೆ ಸುಮ್ನೆ ಇನ್ನಷ್ಟು ಉಪ್ಪು ಬಳಿದಂತೆ. ಪಾತ್ರೆ ಉಜ್ಜುವ ಕಬ್ಬಿಣದ ನಾರು, ಆಸಿಡ್, ಬ್ಲೀಚ್ ಹತ್ತಿರ ತರಬೇಡಿ.

ಇನ್ನು ಗಾಜು. ಕೂತಲ್ಲಿಂದ ಕಡಲು ಕಾಣುತ್ತದೆ, ಆಸೆ ಸಹಜ. ಆದರೆ ಉಪ್ಪಿನ ಮಸುಕು ಬೇಗ ಕೂರುತ್ತದೆ. ಮೇಲಿನ ಮಹಡಿಯಲ್ಲಾದರೆ ಹೊರಮೈ ಒರೆಸುವವರು ಯಾರು? ಕೈ ಚಾಚಿ ಒರೆಸುವುದು ಅಪಾಯ ಅಲ್ವಾ? ಗಾಜು ಹಿಡಿಯುವ ಕ್ಲಾಂಪ್‌ಗಳೂ ಸ್ಟೀಲಿನವೇ. ನನ್ನ ಕೇಳಿದರೆ ಸಣ್ಣ ನೇರ ಕಂಬಿಗಳೇ ವಾಸಿ. ಗಾಳಿ ಆಡುತ್ತದೆ, ತೊಳೆಯುವುದು ಸುಲಭ, ರಸ್ತೆಯಿಂದಲೂ ಕಟ್ಟಡ ಹಗುರಾಗಿ ಕಾಣುತ್ತದೆ.

ಕಲೆಗಿಂತ ನನಗೆ ಹೆಚ್ಚು ಚಿಂತೆ ಕಂಬಿ ಕಾಂಕ್ರೀಟಿಗೆ ಇಳಿಯುವ ಜಾಗದ್ದು. ಅಲ್ಲಿ ನೀರು ನಿಂತರೆ ಕಾಂಕ್ರೀಟಿನ ಒಳಗಿನ ಕಬ್ಬಿಣದ ಸರಳಿಗೆ ಉಪ್ಪು ತಲುಪುತ್ತದೆ. ತುಕ್ಕು ಹಿಡಿದ ಸರಳು ಉಬ್ಬುತ್ತದೆ, ಕಾಂಕ್ರೀಟ್ ಸಿಡಿಯುತ್ತದೆ. ಅದಕ್ಕೇ ಕಾಂಕ್ರೀಟ್ ಕಟ್ಟಡಗಳಿಗಿರುವ ಭಾರತೀಯ ಮಾನದಂಡ ಐಎಸ್ 456, ಕಡಲ ಗಾಳಿಗೆ ತೆರೆದ ಕಡೆ ಸರಳಿನ ಮೇಲೆ 45 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆ ಕೇಳುತ್ತದೆ. ಬಾಲ್ಕನಿಯ ಅಂಚಿನಲ್ಲೋ ಅಡಿಯಲ್ಲೋ ಕೆಂಪು ಗೆರೆ, ಬಿರುಕು ಕಂಡರೆ ಪೇಂಟ್ ಹೊಡೆದು ಮುಚ್ಚಬೇಡಿ. ರೇಲಿಂಗ್ ಬದಲಿಸುವ ಮೊದಲೇ ಎಂಜಿನಿಯರ್ ಒಬ್ಬರಿಗೆ ತೋರಿಸಿ.